ನಳಿಕೆ ತೆಗೆಯಬಹುದೇ, ಬೇರೆ ದಾರಿ ಯಾವುದು?

ಬೆನ್ನುಹುರಿಗೆ ಏಟಾಗಿ ಸ್ವಾಧೀನ ತಪ್ಪಿದವರ ಮೂತ್ರ ವಿಸರ್ಜನೆಯ ಕುರಿತು ಕಾಸರಗೋಡು ಜಿಲ್ಲೆಯಿಂದ ಬಂದಿರುವ ಮೂರು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಮ್ಮನಿಗೆ ಈಗ 34 ವರ್ಷ. ಅಡಿಕೆ ಕೊಯ್ಯುವುದು, ಮದ್ದು ಬಿಡುವುದು ಅವನ ಕೆಲಸವಾಗಿತ್ತು. ಕಳೆದ ಮಳೆಗಾಲದಲ್ಲಿ ಎರಡನೇ ಸಲದ ಮದ್ದು ಬಿಡುವಾಗ ಹಾವಸೆ ಹಿಡಿದ ಮರದಲ್ಲಿ ತಳೆ ಜಾರಿ ಬಿದ್ದ. ಮಂಗಳೂರಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಹೊಕ್ಕುಳಿನಿಂದ ಕೆಳಗೆ ಸ್ವಾಧೀನವೂ ಇಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ. ಚೀಟಿಯಲ್ಲಿ ‘ಡಿ-10’ ಎಂದು ಬರೆದಿದ್ದಾರೆ. ಕೈಗಳು ಚೆನ್ನಾಗಿವೆ. ಆಸ್ಪತ್ರೆಯಲ್ಲಿ ಹಾಕಿದ ಮೂತ್ರದ ನಳಿಕೆ ಇಂದಿಗೂ ಇದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ತಿಂಗಳಿಗೊಮ್ಮೆ ಮನೆಗೆ ಬಂದು ಅದನ್ನು ಬದಲಾಯಿಸುತ್ತಾರೆ. ಆದರೂ ಎರಡು ಸಲ ರಾತ್ರಿ ಹೊತ್ತು ನಳಿಕೆ ಕಟ್ಟಿಕೊಂಡು, ಹೊಟ್ಟೆ ಉಬ್ಬಿ, ಚಳಿಜ್ವರ ಬಂದು ಜೀಪಿನಲ್ಲಿ ಆಸ್ಪತ್ರೆಗೆ ಓಡಬೇಕಾಯಿತು. ಒಬ್ಬ ವೈದ್ಯರು ಕಿಬ್ಬೊಟ್ಟೆಯಲ್ಲಿ ತೂತು ಮಾಡಿ ನಳಿಕೆ ಹಾಕಿಸಿ ಎಂದರು. ಫಿಸಿಯೋಥೆರಪಿಯವರು, ದಿನಕ್ಕೆ ಐದು ಸಲ ತಾನೇ ನಳಿಕೆ ಹಾಕಿ ತೆಗೆಯುವುದನ್ನು ಕಲಿಯಲಿ ಎನ್ನುತ್ತಾರೆ. ನಮ್ಮ ಭಾವನವರು ಕಾಂಡೋಮಿನಂಥದ್ದೇ ಸುಲಭ ಎನ್ನುತ್ತಾರೆ. ಕುಂಬಳೆ ಕಡೆಯ ಒಬ್ಬರು ಯಾವ ನಳಿಕೆಯೂ ಇಲ್ಲದೆ ಹೊಟ್ಟೆ ಒತ್ತಿಯೇ ಮೂತ್ರ ಮಾಡುತ್ತಾರಂತೆ. ಇದ್ದದ್ದನ್ನು ಮುಟ್ಟುವುದೇ ಬೇಡ ಎಂದು ಅಮ್ಮ ಹೇಳುತ್ತಾರೆ. ದಿನಕ್ಕೆ ಐದು ಸಲ ಎಂದರೆ ಅದೂ ತನ್ನ ತಲೆಗೇ ಬರುತ್ತದೆ ಎಂದು ತಮ್ಮನ ಹೆಂಡತಿಗೆ ಹೆದರಿಕೆ. ತಮ್ಮನಿಗೆ ಪೇಟೆಯಲ್ಲಿರುವ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕುಳಿತು ಕೆಲಸ ಕಲಿಯುವ ಆಸೆ. ಅಂಗಡಿಗೆ ಶೌಚಾಲಯವಿಲ್ಲ. ಇವುಗಳಲ್ಲಿ ಯಾವುದು ಒಳ್ಳೆಯದು?
(ಒಬ್ಬ ಅಣ್ಣ, ಬದಿಯಡ್ಕ ಸಮೀಪ)

ಉತ್ತರ: ನಿಮ್ಮ ಪತ್ರದಲ್ಲಿ ಆರು ಜನರ ಅಭಿಪ್ರಾಯ ವಿವರವಾಗಿ ಬಂದಿದೆ, ತಮ್ಮನ ಪಾಲಿಗೆ ಸಿಕ್ಕಿರುವುದು ಒಂದೇ ಸಾಲು. ಅಂಗಡಿಯಲ್ಲಿ ಕೂರಬೇಕೆಂಬ ಆ ಸಾಲು, ಕೈಗಳು ಚೆನ್ನಾಗಿವೆ ಎಂಬ ನಿಮ್ಮ ಮಾತು, ಇವೆರಡರಲ್ಲಿ ನಿರ್ಧಾರಕ್ಕೆ ಬೇಕಾದ ಅರ್ಧ ವಿಷಯ ಇದೆ. ಉಳಿದ ಅರ್ಧವನ್ನು ಆ ಆರು ಜನರಲ್ಲಿ ಯಾರೂ ಹೇಳಿಲ್ಲ. ಅದು ತಮ್ಮನವರ ಮೂತ್ರಕೋಶದೊಳಗೆ ಎಷ್ಟು ಒತ್ತಡವಿದೆ ಎಂಬುದು.

ಮೂತ್ರಕೋಶವನ್ನು ನಡೆಸುವ ನರಗಳು ಬೆನ್ನುಹುರಿಯ ತುದಿಯಲ್ಲಿರುವ ಎಸ್-2ರಿಂದ ಎಸ್-4ರವರೆಗಿನ ಭಾಗದಿಂದ ಹೊರಡುತ್ತವೆ. ಬೆನ್ನುಹುರಿಯು ಬೆನ್ನುಮೂಳೆಯಷ್ಟು ಉದ್ದವಿಲ್ಲದ ಕಾರಣ ಈ ಭಾಗ ಸುಮಾರು ಸೊಂಟದ ಮೊದಲ ಮೂಳೆಯ ಮಟ್ಟದಲ್ಲಿಯೇ ಇರುತ್ತದೆ. ತಮ್ಮನವರಿಗೆ ಏಟಾಗಿರುವುದು ಅದಕ್ಕಿಂತ ಮೇಲೆ, ಡಿ-10 ಎಂದರೆ ಎದೆಭಾಗದ ಬೆನ್ನುಹುರಿಯ ಹತ್ತನೇ ಮಟ್ಟದಲ್ಲಿ. ಆದ್ದರಿಂದ ಕೆಳಗಿನ ಕೇಂದ್ರ ಬಹುಶಃ ಉಳಿದಿದೆ, ಆದರೆ ಅದಕ್ಕೆ ಮಿದುಳಿನ ಅಪ್ಪಣೆ ತಲುಪುವುದಿಲ್ಲ. ಹೀಗಾದಾಗ ಮೂತ್ರಕೋಶವು ತುಂಬುತ್ತಿದ್ದಂತೆ ತಾನಾಗಿಯೇ ಬಿಗಿಯುತ್ತದೆ, ಮತ್ತು ಅದೇ ಹೊತ್ತಿಗೆ ಸಡಿಲಬೇಕಾಗಿದ್ದ ಬಾಯಿಯ ಸ್ನಾಯುವೂ ಬಿಗಿದುಕೊಳ್ಳುತ್ತದೆ. ಬಾಯಿ ಕಟ್ಟಿದ ಚೀಲವನ್ನು ಹಿಂಡಿದರೆ ಒಳಗಿದ್ದದ್ದು ಹಿಂದಕ್ಕೇ ನುಗ್ಗಬೇಕು; ಇಲ್ಲಿ ಹಿಂದೆ ಇರುವುದು ಎರಡು ಕಿಡ್ನಿಗಳು. ನೋವು ತಿಳಿಯದ ದೇಹವಾದ್ದರಿಂದ ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯಬಹುದು. ಕಳೆದ ಶತಮಾನದ ಮೊದಲರ್ಧದಲ್ಲಿ ಬೆನ್ನುಹುರಿ ಮುರಿದವರ ಜೀವ ಹೋಗುತ್ತಿದ್ದುದು ಹೆಚ್ಚಾಗಿ ಮೂತ್ರದ ಸೋಂಕು ಮತ್ತು ಕಿಡ್ನಿಯ ಸೋಲಿನಿಂದ, ಇಲ್ಲವೇ ಹಾಸಿಗೆ ಹುಣ್ಣಿನಿಂದ. ಇಂದು ಅವರು ಮುಪ್ಪಿನವರೆಗೆ ಬಾಳುವುದು ಸಾಧ್ಯವಾಗಿರುವುದಕ್ಕೆ ಮೂತ್ರಕೋಶದ ಆರೈಕೆ ಬದಲಾದದ್ದು ಒಂದು ದೊಡ್ಡ ಕಾರಣ.

ಈ ಒತ್ತಡವನ್ನು ಅಳೆಯುವ ಪರೀಕ್ಷೆಗೆ ಯೂರೋಡೈನಮಿಕ್ಸ್ ಎನ್ನುತ್ತಾರೆ. ತೆಳುವಾದ ನಳಿಕೆಯ ಮೂಲಕ ಮೂತ್ರಕೋಶಕ್ಕೆ ನಿಧಾನವಾಗಿ ನೀರು ತುಂಬಿಸುತ್ತ, ಎಷ್ಟು ತುಂಬಿದಾಗ ಒಳಗಿನ ಒತ್ತಡ ಎಷ್ಟಾಗುತ್ತದೆ ಎಂದು ಯಂತ್ರದಲ್ಲಿ ನೋಡುತ್ತಾರೆ. ಮೂತ್ರ ತುಂಬಿಕೊಳ್ಳುವಾಗಿನ ಒತ್ತಡವು 40 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಮೇಲೆ ಉಳಿದರೆ ಕಿಡ್ನಿಗೆ ಅಪಾಯವೆಂದು ತಿಳಿಯಲಾಗುತ್ತದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಮೂತ್ರರೋಗ ವಿಭಾಗದಲ್ಲಿ ಈ ಪರೀಕ್ಷೆ ಆಗುತ್ತದೆ. ಅಪಘಾತವಾಗಿ ಕೆಲವು ತಿಂಗಳು ಕಳೆದು ಬೆನ್ನುಹುರಿಯ ಮೊದಲ ಆಘಾತ ಇಳಿದ ಮೇಲೆ ಇದನ್ನು ಮಾಡಿಸಬೇಕು. ತಮ್ಮನವರಿಗೆ ಆ ಕಾಲ ಬಂದಾಗಿದೆ. ಇದರೊಂದಿಗೆ ಒಂದು ಅಲ್ಟ್ರಾಸೌಂಡ್ ಕೂಡ ಆಗಲಿ, ಏಕೆಂದರೆ ನಳಿಕೆ ಎರಡು ಸಲ ಕಟ್ಟಿಕೊಂಡಿದೆ ಎಂದು ಬರೆದಿದ್ದೀರಿ. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅದನ್ನು ಕ್ಷಾರವಾಗಿಸುತ್ತವೆ. ಆಗ ಲವಣಗಳು ಹರಳುಗಟ್ಟಿ ನಳಿಕೆಯ ತುದಿಗೆ ಸುಣ್ಣದಂತೆ ಹತ್ತುತ್ತವೆ, ಮೂತ್ರಕೋಶದಲ್ಲಿ ಕಲ್ಲೂ ಆಗುತ್ತದೆ. ಕಲ್ಲು ಒಳಗಿರುವಷ್ಟು ದಿನ ಯಾವ ದಾರಿ ಹಿಡಿದರೂ ಜ್ವರ ಮರಳಿ ಬರುತ್ತದೆ. ಮುಂದಿನ ಸಲ ನರ್ಸ್ ನಳಿಕೆ ತೆಗೆದಾಗ ಅದರ ತುದಿಯನ್ನು ಬೆರಳಿನಲ್ಲಿ ಉಜ್ಜಿ ನೋಡಲು ಹೇಳಿ. ಮರಳಿನ ಹಾಗೆ ಒರಟಾಗಿದ್ದರೆ ವೈದ್ಯರಿಗೆ ಆ ಮಾತನ್ನು ತಪ್ಪದೆ ತಿಳಿಸಿ.

ಇನ್ನು ನಿಮಗೆ ಸಿಕ್ಕಿರುವ ಸಲಹೆಗಳು. ಹೊಟ್ಟೆ ಒತ್ತುವುದನ್ನು ಮೊದಲೇ ಪಕ್ಕಕ್ಕಿಡುತ್ತೇನೆ. ಬಿಗಿದ ಬಾಯಿಯ ವಿರುದ್ಧ ಮೇಲಿನಿಂದ ಒತ್ತಿದರೆ, ನಾವು ಯಾವುದಕ್ಕೆ ಹೆದರುತ್ತಿದ್ದೇವೆಯೋ ಅದನ್ನೇ ಕೈಯಾರೆ ಮಾಡಿದಂತಾಗುತ್ತದೆ. ಕುಂಬಳೆಯವರ ಏಟು ತೀರ ಕೆಳಗಿದ್ದು ಅವರ ಮೂತ್ರಕೋಶ ಸಡಿಲ ಬಗೆಯದಾಗಿರಬಹುದು. ಆದರೂ ಅವರು ಸಹ ಒಮ್ಮೆ ಕಿಡ್ನಿಯ ಸ್ಕ್ಯಾನ್ ಮಾಡಿಸಿಕೊಳ್ಳುವುದು ಕ್ಷೇಮ ಎಂದು ಅವರಿಗೆ ಹೇಳಿಕಳುಹಿಸಿ.

ಕಾಂಡೋಮ್ ಕ್ಯಾಥೆಟರ್ ಸೋರಿದ ಮೂತ್ರವನ್ನು ಹಿಡಿಯುವ ಪಾತ್ರೆಯಷ್ಟೇ. ಮೂತ್ರಕೋಶವನ್ನು ಖಾಲಿ ಮಾಡುವ ಕೆಲಸ ಅದರದಲ್ಲ. ಹೊರಗೆ ಚೀಲ ತುಂಬುತ್ತಿರುವುದನ್ನು ಕಂಡು ಎಲ್ಲ ಸರಿಯಿದೆ ಎಂದುಕೊಂಡವರ ಒಳಗೆ ಅರ್ಧ ಲೀಟರ್ ಮೂತ್ರ ಉಳಿದಿದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಒಳಗಿನ ಒತ್ತಡ ಕಡಿಮೆಯಿದೆ, ಉಳಿಕೆಯೂ ಹೆಚ್ಚಿಲ್ಲ ಎಂದು ಪರೀಕ್ಷೆಯಲ್ಲಿ ಕಂಡುಬಂದವರಿಗೆ ಅದು ಒಳ್ಳೆಯ ಸಾಧನವೇ ಹೌದು. ದಿನಕ್ಕೊಮ್ಮೆ ಬದಲಾಯಿಸಿ, ತೊಳೆದು, ಚರ್ಮವನ್ನು ಗಾಳಿಗೆ ಬಿಡಬೇಕು. ಜಾರಬಾರದೆಂದು ಅದರ ಮೇಲೆ ರಬ್ಬರ್ ಬ್ಯಾಂಡನ್ನೋ ದಾರವನ್ನೋ ಸುತ್ತುವ ಅಭ್ಯಾಸ ನಮ್ಮ ಕಡೆ ಇದೆ. ಮುಟ್ಟಿದ್ದೇ ತಿಳಿಯದ ಜಾಗದಲ್ಲಿ ಅದು ರಾತ್ರಿ ಬೆಳಗಾಗುವುದರೊಳಗೆ ಚರ್ಮವನ್ನು ಕೊಳೆಯಿಸಬಲ್ಲದು.

ಈಗಿರುವ ನಳಿಕೆಗೆ ಫೋಲಿ ಕ್ಯಾಥೆಟರ್ ಎಂದು ಹೆಸರು. ಅಮ್ಮನವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅದು ಸದಾ ತೆರೆದ ಬಾಯಿಯಾದ್ದರಿಂದ ಒತ್ತಡ ಏರಲು ಬಿಡುವುದಿಲ್ಲ, ಮೊದಲ ತಿಂಗಳುಗಳಲ್ಲಿ ತಮ್ಮನವರ ಕಿಡ್ನಿಗಳನ್ನು ಕಾಪಾಡಿದ್ದೂ ಅದೇ. ಆದರೆ ವರ್ಷಗಟ್ಟಲೆ ಒಳಗೆ ಕೂತರೆ ಸೋಂಕು, ಕಲ್ಲು, ಮೂತ್ರಕೋಶ ಕುಗ್ಗುವುದು, ಶಿಶ್ನದ ಕೆಳಭಾಗ ನಳಿಕೆಯ ಭಾರಕ್ಕೆ ಸೀಳುವುದು, ಇವೆಲ್ಲ ಹಿಂದೆಯೇ ಬರುತ್ತವೆ. ದೀರ್ಘಕಾಲ ಇಟ್ಟುಕೊಂಡವರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಬೇರೆ ಏರ್ಪಾಡು ಆಗುವವರೆಗೆ ಅದನ್ನೇ ಮುಂದುವರಿಸುವಾಗ ಎರಡು ಮೂರು ಸಂಗತಿಗಳನ್ನು ಬದಲಾಯಿಸಬಹುದು. ರಬ್ಬರಿನ ಬದಲು ಪೂರ್ತಿ ಸಿಲಿಕೋನಿನ ನಳಿಕೆ ಹಾಕಿಸಿದರೆ ಅಷ್ಟೇ ದಪ್ಪಕ್ಕೆ ಒಳದಾರಿ ಅಗಲವಾಗಿರುತ್ತದೆ. ಮೂರನೇ ವಾರಕ್ಕೆ ಕಟ್ಟಿಕೊಳ್ಳುವ ನಳಿಕೆಯನ್ನು ನಾಲ್ಕನೇ ವಾರದವರೆಗೆ ಕಾಯಿಸದೆ ಎರಡೂವರೆ ವಾರಕ್ಕೇ ಬದಲಾಯಿಸಬೇಕು. ಕ್ಯಾಲೆಂಡರಿನ ತಿಂಗಳು ಮೂತ್ರಕೋಶಕ್ಕೆ ತಿಳಿಯುವುದಿಲ್ಲ, ದಿನ ಹಿಂದುಮುಂದು ಮಾಡಿಕೊಡಿ ಎಂದರೆ ಪಾಲಿಯೇಟಿವ್ ನರ್ಸ್ ಒಪ್ಪುತ್ತಾರೆ. ನಳಿಕೆಯನ್ನು ಕಿಬ್ಬೊಟ್ಟೆಗೋ ತೊಡೆಯ ಮೇಲ್ಭಾಗಕ್ಕೋ ಎಳೆತ ಬೀಳದಂತೆ ಪ್ಲಾಸ್ಟರಿನಿಂದ ಅಂಟಿಸಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಜೀಪಿಗೆ ಹತ್ತಿಸುವಾಗ ಅದನ್ನು ಹೊಟ್ಟೆಯ ಮೇಲಿಡುವುದು ಬೇಡ.

ಕಿಬ್ಬೊಟ್ಟೆಯ ತೂತಿನ ಮೂಲಕ ಹಾಕುವ ನಳಿಕೆಯ ವಿಚಾರವನ್ನು ಎರಡನೇ ಪತ್ರದ ಉತ್ತರದಲ್ಲಿ ಬರೆಯುತ್ತೇನೆ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಅದು ನಿಮ್ಮ ತಮ್ಮನವರಿಗಿಂತ ಆ ಪತ್ರ ಬರೆದವರಿಗೆ ಹೆಚ್ಚು ಹೊಂದುತ್ತದೆ. ಎರಡು ಕೈಗಳೂ ಗಟ್ಟಿಯಿದ್ದು, ನೆಟ್ಟಗೆ ಕೂರಬಲ್ಲ 34ರ ಗಂಡಸಿಗೆ ಮೊದಲು ಪ್ರಯತ್ನಿಸಬೇಕಾದ ದಾರಿ ಫಿಸಿಯೋಥೆರಪಿಯವರು ಹೇಳಿದ್ದೇ.

ಆಗಾಗ ನಳಿಕೆ ಹಾಕಿ ಮೂತ್ರ ತೆಗೆದು ನಳಿಕೆಯನ್ನು ಹೊರಗೆಳೆಯುವ ಕ್ರಮವನ್ನು ಯುದ್ಧದಲ್ಲಿ ಬೆನ್ನು ಮುರಿದ ಸೈನಿಕರಿಗಾಗಿ ವ್ಯವಸ್ಥಿತವಾಗಿ ಬೆಳೆಸಿದವರು ಲುಡ್ವಿಗ್ ಗುಟ್ಮನ್; 1944ರಲ್ಲಿ ಅವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ವಿಭಾಗವನ್ನು ಆರಂಭಿಸಿದರು. ಆದರೆ ಅಲ್ಲಿ ಎಲ್ಲವೂ ಶಸ್ತ್ರಚಿಕಿತ್ಸೆಯ ಮಡಿಯಲ್ಲಿ, ಕೈಗವಸು ತೊಟ್ಟ ಪರಿಣತರಿಂದಲೇ ಆಗಬೇಕಿತ್ತು. 1972ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ ಅಷ್ಟು ಮಡಿ ಬೇಕಾಗಿಲ್ಲ, ಸಾಬೂನಿನಿಂದ ತೊಳೆದ ಕೈ ಮತ್ತು ಶುಚಿಯಾದ ನಳಿಕೆ ಸಾಕು, ರೋಗಿ ತಾನೇ ಮಾಡಿಕೊಳ್ಳಬಹುದು ಎಂದು ತೋರಿಸಿದರು. ಮೂತ್ರಕೋಶ ಅತಿಯಾಗಿ ಹಿಗ್ಗಿ ಅದರ ಗೋಡೆಗೆ ರಕ್ತ ಸಾಲದಾದಾಗಲೇ ಸೋಂಕು ಬೇರೂರುತ್ತದೆ, ಹೊತ್ತುಹೊತ್ತಿಗೆ ಖಾಲಿ ಮಾಡಿದರೆ ಒಳಹೋದ ನಾಲ್ಕು ಬ್ಯಾಕ್ಟೀರಿಯಾಗಳನ್ನು ದೇಹವೇ ನೋಡಿಕೊಳ್ಳುತ್ತದೆ ಎಂಬುದು ಅವರ ವಾದ. ಆದ್ದರಿಂದ ಈ ಕ್ರಮದಲ್ಲಿ ಗಡಿಯಾರಕ್ಕೆ ಸ್ಪಿರಿಟ್ಟಿಗಿಂತ ಹೆಚ್ಚಿನ ಮರ್ಯಾದೆ. ಕೈ ತೊಳೆಯಲು ನೀರಿಲ್ಲವೆಂದು ಒಂದು ಹೊತ್ತನ್ನು ತಪ್ಪಿಸುವುದಕ್ಕಿಂತ, ಇದ್ದದ್ದರಲ್ಲಿ ಒರೆಸಿಕೊಂಡು ಮೂತ್ರ ತೆಗೆಯುವುದೇ ಮೇಲು.

ಮಾಡುವುದು ಹೀಗೆ. ಮಂಚದಲ್ಲೋ ಗಾಲಿಕುರ್ಚಿಯಲ್ಲೋ ಬೆನ್ನಿಗೆ ಆಸರೆ ಇಟ್ಟು ಕುಳಿತು, ಸಾಬೂನಿನಿಂದ ಕೈಯನ್ನೂ ಶಿಶ್ನದ ತುದಿಯನ್ನೂ ತೊಳೆಯಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 12 ಅಥವಾ 14ನೇ ನಂಬರಿನ, ನೆಲಟನ್ ಎಂಬ ಸಾದಾ ನಳಿಕೆ ಆಗುತ್ತದೆ. ಅದರ ತುದಿಯಿಂದ ಒಂದು ಗೇಣಿನಷ್ಟು ಉದ್ದಕ್ಕೆ ಜೆಲ್ಲಿ ಸವರಿ, ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದು, ನಿಧಾನವಾಗಿ ಒಳಗೆ ಬಿಡಬೇಕು. ಒಳಗೆ ಒಂದೆಡೆ ಅದು ತಡೆದು ನಿಲ್ಲುತ್ತದೆ. ಅದೇ ನಾನು ಹೇಳಿದ ಬಿಗಿದ ಬಾಯಿ. ಅಲ್ಲಿ ಕುತ್ತಬಾರದು, ಹಿಂದೆ ಮುಂದೆ ಆಡಿಸಲೂಬಾರದು. ಒಂದೇ ಸಮನೆ ಹಗುರವಾಗಿ ಒತ್ತಿ ಹಿಡಿದು, ಉಸಿರು ಬಿಡುತ್ತ ಕಾದರೆ ಸ್ನಾಯು ದಣಿದು ಸಡಿಲುತ್ತದೆ. ಮೂತ್ರ ಬರತೊಡಗಿದ ಮೇಲೆ ಇನ್ನೆರಡು ಬೆರಳಿನಷ್ಟು ಒಳಗೆ ಬಿಟ್ಟು, ಹರಿವು ನಿಂತಾಗ ಮೆಲ್ಲನೆ ಹೊರಗೆಳೆಯುತ್ತ, ನಡುವೆ ಮತ್ತೆ ಹರಿದರೆ ಅಲ್ಲೇ ತಡೆದು, ಪೂರ್ತಿ ಬರಿದಾದ ಮೇಲೆ ತೆಗೆಯಬೇಕು. ಕಲಿತ ಮೇಲೆ ಹತ್ತು ನಿಮಿಷದ ಕೆಲಸ. ರಕ್ತ ಬಂದರೆ, ಅಥವಾ ಎರಡು ಪ್ರಯತ್ನದಲ್ಲೂ ಒಳಹೋಗದಿದ್ದರೆ, ಬಲವಂತ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಂದ ಮೂತ್ರವನ್ನು ಅಳತೆಯ ಜಗ್ಗಿನಲ್ಲಿ ಹಿಡಿದು ಪುಸ್ತಕದಲ್ಲಿ ಬರೆದಿಡಿ. ಪ್ರತಿ ಸಲ 400 ಮಿಲಿಲೀಟರಿನ ಆಸುಪಾಸಿನಲ್ಲಿರಬೇಕು, 500 ದಾಟಬಾರದು. ಆರುನೂರು ಬಂತೆಂದರೆ ನಡುವಿನ ಅಂತರ ಹೆಚ್ಚಾಯಿತೆಂದೇ ಅರ್ಥ. ಸಾಮಾನ್ಯವಾಗಿ ದಿನಕ್ಕೆ ನಾಲ್ಕರಿಂದ ಆರು ಸಲ ಬೇಕಾಗುತ್ತದೆ. ಕುಡಿಯುವುದು ಒಟ್ಟು ಒಂದೂವರೆಯಿಂದ ಎರಡು ಲೀಟರ್ ಇರಲಿ, ಮತ್ತು ನಮ್ಮ ಊರಿನವರು ಒಂದು ಲೆಕ್ಕವನ್ನು ಮರೆಯಬಾರದು: ಕುಚ್ಚಲಕ್ಕಿ ಗಂಜಿಯ ಬಟ್ಟಲಿನಲ್ಲಿ ಅರ್ಧಕ್ಕಿಂತ ಹೆಚ್ಚು ತಿಳಿಯೇ ಇರುತ್ತದೆ. ರಾತ್ರಿ ಗಂಜಿ ಉಂಡು, ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದವರಿಗೆ ಎರಡು ಗಂಟೆಗೆ ಹಾಸಿಗೆ ಒದ್ದೆಯಾದರೆ ತಪ್ಪು ನಳಿಕೆಯದಲ್ಲ. ಇನ್ನೊಂದು ಕಾರಣವೂ ಇದೆ. ಹಗಲಿಡೀ ಗಾಲಿಕುರ್ಚಿಯಲ್ಲಿ ಕೂತಾಗ ಕಾಲಿಗೆ ಇಳಿದ ನೀರು, ಮಲಗಿದೊಡನೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಒಂದು ಗಂಟೆ ಕಾಲು ಮೇಲೆ ಮಾಡಿ ಮಲಗಿದ್ದು, ನಿದ್ದೆಗೆ ಮುಂಚೆ ಕೊನೆಯ ಸಲ ಮೂತ್ರ ತೆಗೆದರೆ ಹೆಚ್ಚಿನವರಿಗೆ ರಾತ್ರಿ ಸಾಗುತ್ತದೆ.

ನಳಿಕೆಯ ಖರ್ಚಿನ ಬಗ್ಗೆ ಮುಚ್ಚುಮರೆ ಬೇಡ. ಪೊಟ್ಟಣದ ಮೇಲೆ ಒಂದು ಸಲ ಮಾತ್ರ ಬಳಸಿ ಎಂದು ಬರೆದಿರುತ್ತದೆ, ಅದೇ ಉತ್ತಮವೂ ಹೌದು. ನೀರು ತಾಗಿದೊಡನೆ ಜಾರುವ ಲೇಪನದ ನಳಿಕೆಗಳು ಇನ್ನೂ ಮೆದು, ಆದರೆ ಬೆಲೆ ಹಲವು ಪಟ್ಟು ಹೆಚ್ಚು. ದಿನಕ್ಕೆ ಐದು ಎಂದರೆ ತಿಂಗಳಿಗೆ 150. ಹೀಗಾಗಿ ನಮ್ಮ ದೇಶದಲ್ಲಿ ಬಹಳ ಮಂದಿ ಸಾದಾ ನಳಿಕೆಯನ್ನು ತೊಳೆದು ಮತ್ತೆ ಬಳಸುತ್ತಾರೆ. ಹಾಗೆ ಮಾಡುವುದಾದರೆ ವೈದ್ಯರಿಗೆ ತಿಳಿಸಿಯೇ ಮಾಡಿ. ಬಳಸಿದ ಕೂಡಲೇ ಒಳಗೂ ಹೊರಗೂ ಸಾಬೂನು ನೀರು ಹಾಯಿಸಿ, ಹರಿಯುವ ನೀರಿನಲ್ಲಿ ತೊಳೆದು, ಕೊಡವಿ, ತೂಗುಹಾಕಿ ಒಣಗಿಸಿ, ಒಣಗಿದ ಮೇಲೆಯೇ ಮುಚ್ಚಳದ ಡಬ್ಬಿಗೆ ಹಾಕಬೇಕು. ಆಟಿ ತಿಂಗಳ ಮಳೆಯಲ್ಲಿ ಬಟ್ಟೆಯೇ ಮೂರು ದಿನ ಒಣಗದ ಊರಿನಲ್ಲಿ ಈ ಒಂದು ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟ. ಹಸಿ ನಳಿಕೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಮನೆ ಕಟ್ಟಿಕೊಟ್ಟಂತೆ. ಐದಾರು ನಳಿಕೆಗಳನ್ನು ಸರದಿಯಲ್ಲಿಟ್ಟು, ಫ್ಯಾನಿನ ಕೆಳಗೆ ತಂತಿಗೆ ತೂಗಿಸಿ. ಗಟ್ಟಿಯಾದ, ಬಿರುಕುಬಿಟ್ಟ, ಮಂಜುಮಂಜಾದ ನಳಿಕೆಯನ್ನು ಎಸೆದುಬಿಡಿ, ಒಬ್ಬರ ನಳಿಕೆ ಇನ್ನೊಬ್ಬರಿಗೆ ಎಂದಿಗೂ ಬೇಡ.

ಅಂಗಡಿಯ ಸಮಸ್ಯೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಇದಕ್ಕೆ ಶೌಚಾಲಯವೇ ಬೇಕೆಂದಿಲ್ಲ. ಮೂಲೆಗೊಂದು ಪರದೆ, ಅಗಲ ಬಾಯಿಯ ಮುಚ್ಚಳವಿರುವ ಬಾಟಲಿ, ಕೈತೊಳೆಯುವ ನೀರು ಇದ್ದರೆ ಆಯಿತು. ಸ್ಟೀಲಿನ ಉದ್ದ ಡಬ್ಬಿಯಲ್ಲಿ ಎರಡು ನಳಿಕೆ, ಜೆಲ್ಲಿ, ಒಂದು ಸಣ್ಣ ಟವೆಲ್ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದ ಟೈಲರ್ ಒಬ್ಬರು ನನಗೆ ಗೊತ್ತು. ಅವರ ಗಿರಾಕಿಗಳು ಅದನ್ನು ಊಟದ ಡಬ್ಬಿಯೆಂದೇ ತಿಳಿದಿದ್ದರು. ತಮ್ಮನವರ ಪತ್ನಿಯ ಹೆದರಿಕೆಗೂ ಇದೇ ಉತ್ತರ. ಸ್ವಾಧೀನವಿರುವ ಕೈ ತಮ್ಮನವರದೇ ಆಗಿರುವಾಗ ಈ ಕೆಲಸವೂ ಅವರದೇ. ಹೆಂಡತಿ ಒಮ್ಮೆ ಕಲಿತಿಟ್ಟುಕೊಂಡರೆ ಕಾಯಿಲೆಯ ದಿನಕ್ಕೆ ಅನುಕೂಲ, ಅಷ್ಟೇ.

ಒಂದು ಎಚ್ಚರಿಕೆ: ಈಗಿರುವ ನಳಿಕೆಯನ್ನು ನೀವಾಗಿ ಮನೆಯಲ್ಲಿ ತೆಗೆದು ಇದನ್ನು ಶುರುಮಾಡಬೇಡಿ. ಪರೀಕ್ಷೆಯ ಬಳಿಕ ಕೆಲವು ದಿನ ಆಸ್ಪತ್ರೆಯಲ್ಲೋ ಪುನಶ್ಚೇತನ ಕೇಂದ್ರದಲ್ಲೋ ಇದ್ದು ಕಲಿಯುವುದು ಸರಿ. ದೂರ ಹೋಗಲು ಸಿದ್ಧರಿದ್ದರೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪುನಶ್ಚೇತನ ವಿಭಾಗ ಈ ಕೆಲಸಕ್ಕೆ ಹಳೆಯ ಹೆಸರು. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಕೇರಳದವರು. 1954ರ ವಾಹನ ಅಪಘಾತದಲ್ಲಿ ಸ್ವತಃ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದವರು. ಪರೀಕ್ಷೆಯಲ್ಲಿ ಒತ್ತಡ ಹೆಚ್ಚೆಂದು ಕಂಡರೆ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್, ಮಿರಾಬೆಗ್ರಾನ್‌ನಂಥ ಮಾತ್ರೆಗಳಲ್ಲೊಂದನ್ನು ಕೊಡುತ್ತಾರೆ. ಮೊದಲೆರಡರಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಮತ್ತು ಕಟ್ಟಿದ ಮಲವೇ ಮೂತ್ರಕೋಶವನ್ನು ಒತ್ತಿ ಸೋರುವಂತೆ ಮಾಡುವುದರಿಂದ ಹೊಟ್ಟೆಯ ಕಡೆಗೂ ಗಮನ ಬೇಕು. ಮಾತ್ರೆಗೆ ಬಗ್ಗದಿದ್ದರೆ ದುರ್ಬೀನಿನ ಮೂಲಕ ಮೂತ್ರಕೋಶದ ಗೋಡೆಗೆ, ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಮದ್ದನ್ನು ಚುಚ್ಚುವುದುಂಟು. ಅದರ ಪರಿಣಾಮ ಕೆಲವು ತಿಂಗಳು ಮಾತ್ರ. ಇಂದು ಆರಿಸಿದ್ದನ್ನು ಜೀವಮಾನವಿಡೀ ಹೊರಬೇಕೆಂದಿಲ್ಲ. ಆರು ತಿಂಗಳು ಮಾಡಿ ನೋಡಿ ಸರಿಹೋಗದಿದ್ದರೆ ಫೋಲಿಗೆ ಮರಳಲು ಯಾವ ಅಡ್ಡಿಯೂ ಇಲ್ಲ. ವರ್ಷಕ್ಕೊಮ್ಮೆ ಕಿಡ್ನಿಯ ಅಲ್ಟ್ರಾಸೌಂಡ್ ಮಾತ್ರ ಯಾವ ದಾರಿಯಲ್ಲೂ ತಪ್ಪಬಾರದು. ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಸರಿಯಿದೆ ಎಂದಷ್ಟೇ ಸಮಾಧಾನ ಬೇಡ, ಏಕೆಂದರೆ ಸ್ನಾಯು ಕರಗಿದವರಲ್ಲಿ ಆ ಅಂಕಿ ಇರಬೇಕಾದುದಕ್ಕಿಂತ ಕಡಿಮೆ ತೋರುತ್ತದೆ.

ಪ್ರಶ್ನೆ: ನಾನು 29 ವರ್ಷದ ಹೆಣ್ಣುಮಗಳು. ಮೂರು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಎದೆಯ ಮಟ್ಟದಲ್ಲಿ (ಡಿ-4) ಬೆನ್ನುಹುರಿಗೆ ಏಟಾಯಿತು. ನಳಿಕೆಯ ಪಕ್ಕದಿಂದಲೂ ಮೂತ್ರ ಸೋರುತ್ತದೆ, ದಪ್ಪ ನಳಿಕೆ ಹಾಕಿದ ಮೇಲೆ ಸೋರಿಕೆ ಇನ್ನೂ ಹೆಚ್ಚಾಯಿತು. ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಹೋದ ತಿಂಗಳು ಕಾರಿನಲ್ಲಿ ಕೂತಿದ್ದಾಗ ತಲೆ ಒಡೆದುಹೋಗುವಂಥ ನೋವು ಬಂದು, ಮುಖ ಕೆಂಪಾಗಿ, ಹಣೆಯೆಲ್ಲ ಬೆವರಿತು. ಕ್ಲಿನಿಕ್ಕಿನಲ್ಲಿ ಬಿ.ಪಿ. 150 ಇದೆ, ಹೆದರಿಕೆಯಿಂದ ಹೀಗಾಗಿದೆ ಎಂದರು. ಮನೆಗೆ ಬಂದು ನೋಡಿದರೆ ನಳಿಕೆ ತೊಡೆಯಡಿಯಲ್ಲಿ ಮಡಚಿಕೊಂಡಿತ್ತು. ಬಿಡಿಸಿದ ಮೇಲೆ ಎಲ್ಲ ಸರಿಯಾಯಿತು. ಇದು ಏನು?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಕೊನೆಯ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು. ಡಿ-6 ಅಥವಾ ಅದಕ್ಕಿಂತ ಮೇಲೆ (ಅಂಕಿ ಸಣ್ಣದಾದಷ್ಟೂ ಏಟು ಮೇಲೆ) ಏಟಾದವರಲ್ಲಿ, ಕೆಳಗಿನ ದೇಹಕ್ಕೆ ಏನಾದರೂ ತೊಂದರೆಯಾದಾಗ ರಕ್ತನಾಳಗಳು ಬಿಗಿದು ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಮಿದುಳಿನಿಂದ ಅದನ್ನು ಇಳಿಸುವ ಅಪ್ಪಣೆ ಕೆಳಗೆ ತಲುಪುವುದಿಲ್ಲ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಹೆಸರು. ತುಂಬಿದ ಮೂತ್ರಕೋಶ ಇದಕ್ಕೆ ಅತಿ ಸಾಮಾನ್ಯ ಕಾರಣ, ಕಟ್ಟಿದ ಮಲ ಅದರ ನಂತರದ್ದು. ಎತ್ತರದ ಏಟಿನವರ ಮಾಮೂಲಿ ಬಿ.ಪಿ. 90ರಿಂದ 110ರ ನಡುವೆ ಇರುವುದುಂಟು. ಆದ್ದರಿಂದ ಬೇರೆಯವರಿಗೆ ತುಸು ಹೆಚ್ಚು ಎನಿಸುವ 150 ನಿಮ್ಮ ಪಾಲಿಗೆ ಬಹಳ ದೊಡ್ಡ ಏರಿಕೆ. ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಹೀಗಾದಾಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಕಾಲು ಇಳಿಬಿಟ್ಟು, ಬಿಗಿಯಾದ ಬಟ್ಟೆ ಸಡಿಲಿಸಿ, ನಳಿಕೆಯನ್ನು ಬುಡದಿಂದ ಚೀಲದವರೆಗೆ ಕೈಯಾಡಿಸಿ ಮಡಿಕೆ ಬಿಡಿಸಬೇಕು. ನಳಿಕೆ ಕಟ್ಟಿದ್ದರೆ ತಡಮಾಡದೆ ಬದಲಾಯಿಸಬೇಕು, ಆದರೂ ಇಳಿಯದಿದ್ದರೆ ನೇರವಾಗಿ ಆಸ್ಪತ್ರೆ. ಈ ವಿಷಯವನ್ನು, ನಿಮ್ಮ ಮಾಮೂಲಿ ಬಿ.ಪಿ.ಯ ಸಹಿತ, ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ. ಕನ್ನಡದ ಜೊತೆ ಮಲಯಾಳಂ ಮತ್ತು ಇಂಗ್ಲಿಷಿನಲ್ಲೂ ಇರಲಿ. ಆ ಹೊತ್ತಿನಲ್ಲಿ ಎದುರಿಗೆ ಸಿಗುವವರು ರಾಜ್ಯದ ಗಡಿಯಾದ ತಲಪಾಡಿಯ ಆಚೆಯವರೋ ಈಚೆಯವರೋ ಹೇಳಲು ಬರುವುದಿಲ್ಲ.

ಪಕ್ಕದಿಂದ ಸೋರುವುದು ಮೂತ್ರಕೋಶವು ನಳಿಕೆಯ ಸುತ್ತ ಸೆಟೆಯುತ್ತಿರುವ ಲಕ್ಷಣ. ಅದಕ್ಕೆ ದಪ್ಪ ನಳಿಕೆ ಮದ್ದಲ್ಲ. ಹೆಂಗಸರ ಮೂತ್ರದ್ವಾರ ಚಿಕ್ಕದು, ದಪ್ಪ ನಳಿಕೆ ಅದನ್ನು ಹಿಗ್ಗಿಸುತ್ತ ಹೋಗಿ, ಕಡೆಗೆ ನಳಿಕೆಯನ್ನು ಒಳಗೆ ಹಿಡಿದಿಡುವ ಬಲೂನೇ ಜಾರಿ ಬರುವಂತಾಗುತ್ತದೆ. ಮೊದಲು ತೆಳು ನಳಿಕೆಗೆ ಮರಳಿ, ಸೆಳೆತ ತಗ್ಗಿಸುವ ಮಾತ್ರೆಯನ್ನೂ ಕಲ್ಲಿಗಾಗಿ ಸ್ಕ್ಯಾನನ್ನೂ ಕೇಳಿ.

ನಿಮ್ಮ ಕೈಗಳು ಸರಿಯಿದ್ದರೂ ಗಾಲಿಕುರ್ಚಿಯಲ್ಲಿ ಸೀರೆಯನ್ನೋ ಚೂಡಿದಾರವನ್ನೋ ಸರಿಸಿ, ಕಾಲು ಅಗಲಿಸಿ, ಕನ್ನಡಿ ಹಿಡಿದು ತಾನೇ ನಳಿಕೆ ಹಾಕಿಕೊಳ್ಳುವುದು ಹೆಂಗಸರಿಗೆ ಸುಲಭವಲ್ಲ. ಮನೆಯ ಮಂಚದ ಮೇಲೆ ಕಲಿತವರಿದ್ದಾರೆ, ಮದುವೆಮನೆಯಲ್ಲಿ ಅದು ಬೇರೆಯೇ ಮಾತು. ಇಂಥವರಿಗೆ ಕಿಬ್ಬೊಟ್ಟೆಯ ನಳಿಕೆ ಹೊಂದುತ್ತದೆ. ಹೊಕ್ಕುಳಿನ ಕೆಳಗೆ, ಕಿಬ್ಬೊಟ್ಟೆಯ ಮೂಳೆಗಿಂತ ತುಸು ಮೇಲೆ ಸಣ್ಣ ರಂಧ್ರ ಮಾಡಿ ಹಾಕುತ್ತಾರೆ; ಮೂತ್ರದ್ವಾರಕ್ಕೆ ಗಾಯವಿಲ್ಲ, ಕೂತಲ್ಲಿ ಮಡಚಿಕೊಳ್ಳುವುದು ಕಡಿಮೆ, ಬಟ್ಟೆಯಡಿಯಲ್ಲಿ ಕಾಣುವುದಿಲ್ಲ, ದಾಂಪತ್ಯಕ್ಕೂ ಅಡ್ಡಿಯಿಲ್ಲ. ಆದರೆ ಸೋಂಕು, ಕಲ್ಲುಗಳ ಕಾಟ ಫೋಲಿಗೆ ಇದ್ದಂತೆ ಇದಕ್ಕೂ ಇದೆ, ಸುಮಾರು ನಾಲ್ಕರಿಂದ ಆರು ವಾರಕ್ಕೊಮ್ಮೆ ಬದಲಾಯಿಸಬೇಕು. ಆಕಸ್ಮಿಕವಾಗಿ ಕಳಚಿ ಬಂದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಕಿರಿದಾಗಬಹುದು, ಬೆಳಗಾಗಲಿ ಎಂದು ಕಾಯಬಾರದು. ಮೊದಲ ಬದಲಾವಣೆ ಆಸ್ಪತ್ರೆಯಲ್ಲೇ ಆಗಲಿ. ಮುಂದೆ ಮನೆಗೆ ಬರುವ ನರ್ಸ್ ಮಾಡಬಲ್ಲರು. ಸದಾ ಒಳಗಿರುವ ನಳಿಕೆ ಬೇಡವೆನ್ನುವವರಿಗೆ ಅಪೆಂಡಿಕ್ಸಿನಿಂದ ಮೂತ್ರಕೋಶಕ್ಕೆ ಕಾಲುವೆ ಮಾಡಿ ಹೊಕ್ಕುಳಿನ ಬಳಿ ಬಾಯಿ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. 1980ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯರ ಹೆಸರಿನಿಂದ ಮಿಟ್ರೋಫನಾಫ್ ಎಂದು ಕರೆಯುತ್ತಾರೆ. ಕುರ್ಚಿಯಲ್ಲಿ ಕುಳಿತೇ, ಬಟ್ಟೆ ಕಳಚದೆ, ಆ ಬಾಯಿಯಿಂದ ನಳಿಕೆ ಹಾಕಿ ಮೂತ್ರ ತೆಗೆಯಬಹುದು. ದೊಡ್ಡ ಶಸ್ತ್ರಚಿಕಿತ್ಸೆ, ಮಾಡುವ ಕಡೆಗಳೂ ಕಡಿಮೆ. ಆದರೆ 29ರ ವಯಸ್ಸಿಗೆ ಅದರ ಬಗ್ಗೆ ಕೇಳಿ ತಿಳಿಯುವುದು ಅತಿಯಾಸೆಯಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಎರಡು ವರ್ಷದಿಂದ ನಳಿಕೆ ಇದೆ. ಪ್ರತಿ ತಿಂಗಳು ಮೂತ್ರ ಪರೀಕ್ಷೆ ಮಾಡಿಸಿದಾಗಲೂ ‘ಪಸ್ ಸೆಲ್’ (ಕೀವಿನ ಕಣ) ಬರುತ್ತದೆ, ಮಾತ್ರೆ ಕೊಡುತ್ತಾರೆ. ಈ ವರ್ಷವೇ ಐದು ಸಲ ಆಯಿತು. ಜ್ವರ ಇಲ್ಲ.
(ಮುಳ್ಳೇರಿಯದಿಂದ)

ಉತ್ತರ: ಜ್ವರವಿಲ್ಲದಿದ್ದರೆ ತಿಂಗಳ ಪರೀಕ್ಷೆಯನ್ನೇ ನಿಲ್ಲಿಸಿ. ಒಳಗೆ ನಳಿಕೆಯಿರುವ ಯಾರ ಮೂತ್ರದಲ್ಲೂ ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತದೆ, ಪಸ್ ಸೆಲ್ ಇದ್ದೇ ಇರುತ್ತದೆ, ಅದು ಕಾಯಿಲೆಯಲ್ಲ. ಪ್ರತಿ ಸಲವೂ ಆ್ಯಂಟಿಬಯೋಟಿಕ್ ನುಂಗಿಸಿದರೆ ನಿಜವಾಗಿ ಬೇಕಾದ ದಿನ ಯಾವ ಮದ್ದೂ ಹತ್ತದಂತಾಗುತ್ತದೆ. ಚಳಿಜ್ವರ, ಕಾಲಿನ ಸೆಳೆತ ಏಕಾಏಕಿ ಹೆಚ್ಚುವುದು, ಹೊಸದಾಗಿ ಸೋರುವುದು, ಮಂಕು ಕವಿಯುವುದು, ಇವುಗಳಲ್ಲಿ ಯಾವುದಾದರೂ ಕಂಡಾಗ ಪರೀಕ್ಷೆ ಮಾಡಿಸಿ. ಆಗಲೂ ಹಳೆಯ ನಳಿಕೆಯಿಂದಾಗಲಿ ಚೀಲದಿಂದಾಗಲಿ ಮೂತ್ರ ಹಿಡಿಯಬಾರದು. ನಳಿಕೆ ಬದಲಾಯಿಸಿ, ಹೊಸ ನಳಿಕೆಯಲ್ಲಿ ಬಂದ ಮೂತ್ರವನ್ನೇ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕೊಟ್ಟು, ಅದಾದ ಮೇಲೆ ಮೊದಲ ಮಾತ್ರೆ ಕೊಡಿ.